ಡಬ್ಬಿಯೊಳಗೆ ತಿಂಡಿ ಇಡಬೇಡಿ

ಕಾಡಿನಲ್ಲಿ ಜಿಯೋಕ್ಯಾಶ್, ಅಂದರೆ ಯಾರೋ ಅಡಗಿಸಿಟ್ಟು ಜಾಗದ ಜಿಪಿಎಸ್ ಗುರುತು ಹಂಚಿಕೊಂಡ ಡಬ್ಬಿ, ಹುಡುಕುವ ಆಟದ ಬಗ್ಗೆ ಲೇಖನವೊಂದನ್ನು ಓದಿ ಖುಷಿಯಾಯಿತು. ಆದರೆ ಫೋನ್ ತೋರಿಸಿದಲ್ಲಿಗೆ ಹೋದರೆ ಡಬ್ಬಿ ಸಿಕ್ಕಿಯೇ ಸಿಗುತ್ತದೆ ಎಂಬ ಅದರ ಮಾತನ್ನು ಉಡುಪಿ ಜಿಲ್ಲೆಯ ಹೆಬ್ರಿ ಕಡೆಯವನಾದ ನಾನು ಒಪ್ಪುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಾನೂ ಅಕ್ಕನ ಮಗನೂ ಹಾಡಿ (ಊರಂಚಿನ ಕಾಡು) ದಾಟಿ ಗುಡ್ಡ ಹತ್ತಿದೆವು. ದಟ್ಟ ಮರ, ಬಂಡೆಗಳ ನಡುವೆ ಜಿಪಿಎಸ್ ಸಿಗ್ನಲ್ ತಟ್ಟಿ ತಿರುಗುತ್ತದೆ. ಗುರುತು ಒಮ್ಮೆ ತೋಡಿನ ಆಚೆ, ಒಮ್ಮೆ ಈಚೆ. ಕೊನೆಗೆ ಫೋನ್ ಕಿಸೆಗೆ ಹಾಕಿ ಕಣ್ಣಾಡಿಸಿದಾಗ, ಬೇರಿನ ಸಂದಿಗೆ ಒರಗಿಸಿಟ್ಟ ಮೂರು ಚಪ್ಪಟೆ ಕಲ್ಲು ಕಂಡವು. ಹಿಂದೆ ಡಬ್ಬಿ! ಹುಡುಕಿ ಬಂದವರು ಹೆಸರು ಬರೆಯುವ ಪುಸ್ತಕ ತೇವಕ್ಕೆ ಉಬ್ಬಿತ್ತು, ಯಾರೋ ಇಟ್ಟ ಚಾಕಲೇಟಿಗೆ ಇರುವೆ ಮುತ್ತಿತ್ತು. ಹುಡುಗನ ಮುಖ ಸಪ್ಪಗಾಯಿತು.

2000ದ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಜಿಪಿಎಸ್‌ಗೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿದ ಮರುದಿನವೇ ಡೇವ್ ಅಲ್ಮರ್ ಎಂಬವರು ಅಲ್ಲಿನ ಒರೆಗಾನ್ ರಾಜ್ಯದಲ್ಲಿ ಈ ಆಟದ ಮೊದಲ ಬಕೆಟ್ ಅಡಗಿಸಿಟ್ಟರು. ಅದರಲ್ಲಿ ಬೀನ್ಸ್ ಡಬ್ಬವೂ ಇತ್ತು. ಈಗ ತಿನ್ನುವ ವಸ್ತು ಇಡಬಾರದೆಂಬ ನಿಯಮವೇ ಇದೆ, ವಾಸನೆಗೆ ಪ್ರಾಣಿಗಳು ಬರುತ್ತವೆ. ದಯವಿಟ್ಟು ಪಾಲಿಸಿ.

ಮತ್ತೆ, ನಮ್ಮ ಹೆಬ್ರಿ ಹತ್ತಿರದ ಸೋಮೇಶ್ವರ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಮಳೆಗಾಲದಲ್ಲಂತೂ ಈ ಗುಡ್ಡಗಳೇ ಬೇಡ. ಉಂಬಳ (ಜಿಗಣೆ) ಕಚ್ಚಿದರೆ ಸಹಿಸಬಹುದು, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿದರೆ ಹೊತ್ತು ತರುವವರು ಯಾರು?