ಧೂಳಿನ ಕೆಮ್ಮನ್ನು ಯಾರೂ ಕೆಮ್ಮು ಅನ್ನುವುದಿಲ್ಲ

ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಬರುವವರಲ್ಲಿ ನಮ್ಮ ಕಲಬುರಗಿ, ಯಾದಗಿರಿ ಕಡೆಯವರು ತುಂಬ ಜನ. ಹೋದ ತಿಂಗಳು, ಸಂಕ್ರಾಂತಿ ಮುಗಿದ ವಾರ, ಅವರ ಶೆಡ್ಡುಗಳಿಗೆ ಹೋಗಿದ್ದೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಮರಾಠಿ ಹುಡುಗಿ ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್, ಅಂದರೆ ಜನಾರೋಗ್ಯದಲ್ಲಿ ಎಂಡಿ ಓದುತ್ತಿದ್ದಾಳೆ. ಅವಳ ಥೀಸಿಸ್ ಟಿಬಿ ಬಗ್ಗೆ. "ಕಾಕೂ, ಅಲ್ಲಿ ಎಲ್ಲರೂ ಕನ್ನಡದವರು. ನನ್ನ ಜೊತೆ ಬರ್ತೀರಾ?" ಅಂತ ಕೇಳಿದಳು. ಹೊರಟೆ.

ತಗಡಿನ ಶೆಡ್ಡಿನ ಮುಂದೆ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಹಾಳೆ ನೋಡಿಕೊಂಡು "ಖಾಂಸಿ ಹೈ ಕ್ಯಾ?" ಅಂದಳು. ಆಕೆ ತಲೆಯಾಡಿಸಿದಳು, ಇಲ್ಲ. ಹುಡುಗಿ 'ಇಲ್ಲ'ಕ್ಕೆ ಗುರುತು ಹಾಕಿದಳು. ನಾನು ಸುಮ್ನೆ ಕನ್ನಡದಲ್ಲಿ ಇನ್ನೊಮ್ಮೆ ಕೇಳಿದೆ.

"ಕೆಮ್ಮ ಏನಿಲ್ರಿ ಅಕ್ಕಾರ. ಸಿಮಿಂಟ ಧೂಳಿಗಿ ಒಂದೀಟ ಬರ್ತದ."

"ಯಾವಾಗಿಂದವ್ವಾ?"

"ದೀಪಾವಳಿಗಿ ಊರಿಗಿ ಹೋಗಿ ಬಂದಾಗಿಂದ."

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಅನ್ನುತ್ತದೆ ಸರ್ಕಾರದ ಟಿಬಿ ಕಾರ್ಯಕ್ರಮ. ಆಕೆಗೆ ಅದು ಕೆಮ್ಮೇ ಅಲ್ಲ, ಧೂಳು. ಜೊತೆಗೆ ಕೆಲಸ ಮಾಡುವವರೆಲ್ಲ ಕೆಮ್ಮುತ್ತಾರೆ, ಅದರಲ್ಲಿ ಹೇಳುವಂಥದ್ದೇನಿದೆ? ಹುಡುಗಿ ಮುಖ ಸಣ್ಣದು ಮಾಡಿಕೊಂಡು, ಹಾಕಿದ ಗುರುತು ಹೊಡೆದು ಹಾಕಿದಳು. ಆ ಹೆಂಗಸಿನ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಸಿಕ್ಕಿತು.

ಅವತ್ತಿನಿಂದ ನನಗೆ ಅದೇ ಯೋಚನೆ. ನಾನು ಹೋಗಿರದಿದ್ದರೆ ಆ 'ಇಲ್ಲ' ಹಾಗೇ ಕಂಪ್ಯೂಟರಿಗೆ ಹೋಗುತ್ತಿತ್ತು. ಲೆಕ್ಕದಲ್ಲಿ ಸೇರುತ್ತಿತ್ತು. ನಾಳೆ ಯಾರೋ ಅದನ್ನೇ ಓದಿ, ಈ ಕಾರ್ಮಿಕರಲ್ಲಿ ಟಿಬಿ ಕಡಿಮೆ ಅಂತ ನಂಬುತ್ತಿದ್ದರು.

ಹುಡುಗಿಯ ತಪ್ಪು ಇದರಲ್ಲಿ ಏನೂ ಇಲ್ಲ. ಅವಳಿಗೆ ಎಷ್ಟು ಜನರನ್ನು ಕೇಳಬೇಕು, ಲೆಕ್ಕ ಹೇಗೆ ಹಾಕಬೇಕು ಎಲ್ಲ ಕಲಿಸಿದ್ದಾರೆ. ಬಾಗಿಲಲ್ಲಿ ನಿಂತು ಹೇಗೆ ಕೇಳಬೇಕು ಅನ್ನುವುದನ್ನು ಯಾರೂ ಕೂತು ಕಲಿಸಿಲ್ಲ. ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಸಂಶೋಧನೆಗೆ ಒಳಪಡುವವರಿಗೆ ತಿಳಿಯುವ ಭಾಷೆಯಲ್ಲೇ ವಿಷಯ ಹೇಳಬೇಕು, ಓದಲು ಬಾರದವರಿದ್ದರೆ ಹೊರಗಿನ ಸಾಕ್ಷಿ ಇರಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮಗಳೇ ಹೇಳುತ್ತವೆ. ಅಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದ್ದರು. ಯಾವುದಕ್ಕೆ ಅಂತ ಕೇಳಿದರೆ ಒಬ್ಬರು "ರೇಷನ್ ಕಾರ್ಡಿಗೆ" ಅಂದರು. ನನಗೆ ಕರುಳು ಚುರ್ ಅಂತು.

ಜನರ ಮಾತಿಗೆ ಕಿವಿಗೊಟ್ಟರೆ ಏನು ಸಿಗುತ್ತದೆ ಅಂತ ಪುಣೆಗೆ ಗೊತ್ತಿಲ್ಲದ್ದೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಜನರಿಗೂ ಜ್ವರ. ಅದರ ವೈರಸ್ ಹುಡುಕಿದ್ದು ಇದೇ ಊರಿನ ವೈರಸ್ ರಿಸರ್ಚ್ ಸೆಂಟರ್, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). ಉಣುಗು ಕಚ್ಚಿ ಬರುತ್ತದೆ ಅನ್ನುವುದು ಆ ಸಂಶೋಧನೆಯಿಂದ ತಿಳಿಯಿತು. ಆದರೆ ಮಲೆನಾಡಿನವರು ಅದನ್ನು ಕರೆದದ್ದು 'ಮಂಗನ ಕಾಯಿಲೆ' ಅಂತ. ಸತ್ತ ಮಂಗಕ್ಕೂ ಮನುಷ್ಯರ ಜ್ವರಕ್ಕೂ ನಂಟಿದೆ ಅನ್ನುವುದು ಆ ಹೆಸರಲ್ಲೇ ಇದೆ, ಅಲ್ವಾ?

1946ರಲ್ಲೇ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ, ಡಾಕ್ಟರ್ ಆಗುವವರಿಗೆ ಮೂರು ತಿಂಗಳು ಜನಾರೋಗ್ಯದ ತರಬೇತಿ ಬೇಕು ಅಂದಿತ್ತು. ಈಗ ಎಂಬಿಬಿಎಸ್ ಮಕ್ಕಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಹೋಗಿ ಬರಬೇಕು. ಒಳ್ಳೆಯದೇ. ಆದರೆ ಶೆಡ್ಡು ಹಳ್ಳಿಯಲ್ಲ. ಗುತ್ತೇದಾರ ಹೇಳಿದ ಕಡೆ ಅದು ಎದ್ದು ಹೋಗುತ್ತದೆ.

ಈ ಹೆಂಗಸಿನದೂ ಅದೇ ಕಷ್ಟ. ಮಾತ್ರೆ ಆರು ತಿಂಗಳು ತಪ್ಪಬಾರದು. ಯುಗಾದಿಗೆ ಕಟ್ಟಡದ ಕೆಲಸ ಮುಗಿಯುತ್ತದೆ. ಊರಿಗೆ ಹೋದರೂ ನಿಕ್ಷಯ್ ನಂಬರ್, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ನಂಬರ್, ತೋರಿಸಿದರೆ ಅಲ್ಲೇ ಮಾತ್ರೆ ಸಿಗುತ್ತದೆ, ಆದರೆ ಅದನ್ನು ಆಕೆಗೆ ತಿಳಿಯುವ ಹಾಗೆ ಯಾರಾದರೂ ಹೇಳಬೇಕು. ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೇನೆ. ಅವಳ ಮಗ ಏಳನೇ ಕ್ಲಾಸು, ಓದಿ ಹೇಳಿದ.

ಒಪ್ಪಿಗೆ ಪತ್ರವನ್ನೂ ಕನ್ನಡಕ್ಕೆ ಮಾಡಿದ್ದೇನೆ. ಹುಡುಗಿ ಗೈಡ್ ಹತ್ತಿರ ಮಾತಾಡಿದ್ದಾಳೆ, ಈಗಾಗಲೇ ಕೇಳಿ ಬಂದ ಮನೆಗಳಿಗೆ ಮತ್ತೆ ಹೋಗಿ ಮೊದಲಿಂದ ಕೇಳಲು ಅವರು ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇವೆ. ನೂರಕ್ಕೂ ಹೆಚ್ಚು ಶೆಡ್ಡುಗಳಿವೆ, ನನ್ನೊಬ್ಬಳಿಂದ ಆಗುವುದಿಲ್ಲ. ಪುಣೆಯಲ್ಲಿರುವ ಕನ್ನಡದವರು, ಅದರಲ್ಲೂ ಕಲಬುರಗಿ ಕಡೆಯ ಮಾತು ಬಲ್ಲವರು, ಬರುವುದಾದರೆ ಕೆಳಗೆ ತಿಳಿಸಿ.