ಆಮೆನ್ ಹೇಳದ ಮಗಳು, ಒಗ್ಗರಣೆ ಸಾಸಿವೆ

ಕಳೆದ ಭಾನುವಾರ ಪರಿಚಯದವರೊಬ್ರು ಫೋನ್ ಮಾಡಿದ್ರು. ಇಂಗ್ಲೆಂಡಿಗೆ ಬಂದು ಇನ್ನೂ ಆರು ತಿಂಗಳು, ಮನೆ ಹತ್ರದ ಸ್ಕೂಲೆಲ್ಲ ಫುಲ್ ಆಗಿ ಕೌನ್ಸಿಲ್‌ನವ್ರು ಕೊನೆಗೆ ಒಂದು ಕ್ಯಾಥೋಲಿಕ್ ಪ್ರೈಮರಿ ಸ್ಕೂಲಲ್ಲಿ ಸೀಟ್ ಕೊಟ್ಟಿದಾರೆ. ಮಗ ಎರಡನೇ ವಾರಕ್ಕೇ ಊಟಕ್ಕೆ ಕೂತಾಗ ಹಣೆ, ಎದೆ, ಎಡಭುಜ, ಬಲಭುಜ ಮುಟ್ಕೊಳ್ಳೋಕೆ ಶುರು ಮಾಡಿದಾನಂತೆ, ಅದನ್ನ ವಿಡಿಯೋ ಕಾಲಲ್ಲಿ ಅಜ್ಜಿ ನೋಡ್ಬಿಟ್ಟು ಊರಲ್ಲಿ ಗಲಾಟೆಯಂತೆ. "ಅಕ್ಕ, ಪ್ರೇಯರ್‌ನಿಂದ ಮಗೂನ ಬಿಡಿಸೋಕೆ ಲೆಟರ್ ಕೊಡಬಹುದಂತಲ್ಲ, ನೀವೂ ಬರೆದಿದ್ರಂತೆ, ಇದ್ರೆ ಕಳಿಸ್ತೀರಾ" ಅಂತ ಕೇಳಿದ್ರು.

ಬರೆದಿದ್ದು ನಿಜ, ಆದ್ರೆ ಸ್ಕೂಲಿಗೆ ಕಳಿಸಿಲ್ಲ. ಯಾಕೆ ಕಳಿಸಿಲ್ಲ ಅಂತ ಫೋನಲ್ಲಿ ಹೇಳೋಕೆ ಹೋಗಿ ಎಲ್ಲಾ ಕಲಸುಮೇಲೋಗರ ಆಯ್ತು, ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆಗತ್ತೆ, ಪುರಸೊತ್ತಿದ್ದಾಗ ಓದಿ.

ಮೊದಲು ಕಾನೂನು ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ನಮ್ಮವರಲ್ಲಿ ತುಂಬಾ ಜನ ಇದನ್ನ ಕ್ಯಾಥೋಲಿಕ್ ಸ್ಕೂಲಿನವ್ರ ಹಟ ಅಂದ್ಕೊಂಡಿದಾರೆ. ಇಲ್ಲಿ ಸರ್ಕಾರಿ ದುಡ್ಡಲ್ಲಿ ನಡೆಯೋ ಎಲ್ಲಾ ಸ್ಕೂಲಲ್ಲೂ ದಿನಾ ಸಾಮೂಹಿಕ ಪ್ರಾರ್ಥನೆ ಇರ್ಲೇಬೇಕು, ಇದು 1944ರ ಎಜುಕೇಶನ್ ಆಕ್ಟ್‌ನಿಂದ ಬಂದಿದ್ದು. ಯಾವ ಧರ್ಮಕ್ಕೂ ಸೇರದ ಮಾಮೂಲಿ ಸ್ಕೂಲಲ್ಲೂ ಅದು ಬಹುಪಾಲು ಕ್ರಿಶ್ಚಿಯನ್ ರೀತೀಲಿ ಇರ್ಬೇಕು ಅಂತ 1988ರಲ್ಲಿ ಸೇರಿಸಿದ್ರು. ಕಾಗದದ ಮೇಲೆ ಇನ್ನೂ ಹಾಗೇ ಇದೆ, ಎಷ್ಟೋ ಸ್ಕೂಲಲ್ಲಿ ಅದು ಒಂದು ಕಥೆ, ಒಂದು ಹಾಡು, ಯಾರ ಬರ್ತ್‌ಡೇ ಅನ್ನೋದಕ್ಕೇ ಮುಗಿದುಹೋಗತ್ತೆ ಆ ಮಾತು ಬೇರೆ. ಕ್ಯಾಥೋಲಿಕ್ ಸ್ಕೂಲಲ್ಲಿ ಮಾತ್ರ ಅದನ್ನ ಮನಸಿಟ್ಟು ಮಾಡ್ತಾರೆ. ಮಗೂನ ಅದರಿಂದ ಬಿಡಿಸೋ ಹಕ್ಕು ಅಪ್ಪ ಅಮ್ಮನಿಗೆ ಇದೆ, ಕ್ಯಾಥೋಲಿಕ್ ಸ್ಕೂಲಲ್ಲೂ ಇದೆ, ಕಾರಣ ಕೂಡ ಕೊಡ್ಬೇಕಾಗಿಲ್ಲ.

ನನ್ನ ಮಗಳು ಸೇರಿದ್ದು ಇಯರ್ ಒನ್‌ಗೆ. ಬೆಳಿಗ್ಗೆ ರಿಜಿಸ್ಟರ್ ತಗೊಂಡ ಮೇಲೆ ಒಂದು ಪ್ರೇಯರ್, ಊಟಕ್ಕೆ ಮುಂಚೆ ಒಂದು, ಮನೆಗೆ ಹೊರಡೋ ಮುಂಚೆ ಕೋಟು ಹಾಕ್ಕೊಂಡು ಕುರ್ಚಿನ ಟೇಬಲ್ ಮೇಲೆ ಬೋರಲು ಹಾಕಿ ಇನ್ನೊಂದು. ಅದರ ಮಧ್ಯೆ ಹಾಲಲ್ಲೋ ಕ್ಲಾಸಲ್ಲೋ ದೊಡ್ಡದೊಂದು. ಪ್ರತಿ ಕ್ಲಾಸಿನ ಮೂಲೇಲೂ ಒಂದು ಪುಟ್ಟ ಟೇಬಲ್ ಇರತ್ತೆ, ಅದರ ಮೇಲೆ ಬಟ್ಟೆ, ಬೈಬಲ್, ಶಿಲುಬೆ, ಬ್ಯಾಟರಿ ಕ್ಯಾಂಡಲ್. ಬಟ್ಟೆ ಬಣ್ಣ ಕಾಲಕ್ಕೆ ತಕ್ಕ ಹಾಗೆ ಬದಲಾಗತ್ತೆ, ಮಾಮೂಲಿ ದಿನಕ್ಕೆ ಹಸಿರು, ಕ್ರಿಸ್ಮಸ್‌ಗೆ ಮುಂಚಿನ ಆಡ್ವೆಂಟ್‌ಗೂ ಈಸ್ಟರ್‌ಗೆ ಮುಂಚಿನ ಲೆಂಟ್‌ಗೂ ನೇರಳೆ, ಹಬ್ಬಕ್ಕೆ ಬಿಳಿ. ಒಂದು ತಿಂಗಳಲ್ಲಿ ನನ್ನ ಮಗಳು ಶೂ ಡಬ್ಬಿ ಬೋರಲು ಹಾಕಿ ಅದರ ಮೇಲೆ ನನ್ನ ಹಸಿರು ಬ್ಲೌಸ್ ಪೀಸ್ ಹಾಸಿ ಮನೇಲೂ ಒಂದು ಟೇಬಲ್ ಮಾಡಿದ್ಲು, ಅದರ ಮೇಲೆ ನಮ್ಮ ಗಣಪತೀನೂ ಇಟ್ಲು. ನಮ್ಮನೆಯವ್ರು ಅದನ್ನ ನೋಡಿ ನಗ್ಬೇಕೋ ಬೈಬೇಕೋ ಗೊತ್ತಾಗ್ದೆ ನನ್ನ ಮುಖ ನೋಡಿದ್ರು.

ಅವತ್ತು ರಾತ್ರೀನೇ ನಾನು ಆ ಮೇಲ್ ಬರೆದಿದ್ದು. ಮಾರನೇ ದಿನ ಹೆಡ್ ಟೀಚರ್ ಹತ್ರ ಬಾಯಲ್ಲೂ ಕೇಳಿದೆ, ಪಾಪ ಆಯಮ್ಮ ಬೇಜಾರು ಮಾಡ್ಕೊಳ್ಳಲಿಲ್ಲ, ಹಕ್ಕು ನಿಮ್ದು, ಆಗ ನಿಮ್ಮ ಮಗಳು ಲೈಬ್ರರಿ ಹತ್ರ ಒಬ್ರು ಅಸಿಸ್ಟೆಂಟ್ ಜೊತೆ ಕೂತಿರ್ತಾಳೆ, ಆದ್ರೆ ಒಂದು ವಿಷಯ, ಗೋಡೆ ಮೇಲಿನ ಶಿಲುಬೆ, ಊಟದ ಹೊತ್ತಿನ ಎರಡು ಸಾಲು, ಮಾತಲ್ಲಿ ಬರೋ ದೇವರು, ಇವೆಲ್ಲದರಿಂದ ಬಿಡಿಸೋಕೆ ನನ್ನಿಂದ ಆಗಲ್ಲ, ಅದು ಈ ಸ್ಕೂಲಿನ ಉಸಿರು, ಅಂದ್ರು. ವಾಪಸ್ ಬರ್ತಾ ಆ ಲೈಬ್ರರಿ ಮುಂದೇನೇ ಬಂದೆ. ಒಬ್ಬ ಹುಡುಗ ಕೂತಿದ್ದ, ಎಂಟು ವರ್ಷ ಇರ್ಬಹುದು, ಡೈನೋಸಾರ್‌ಗೆ ಬಣ್ಣ ಹಚ್ತಾ ಇದ್ದ. ಹಾಲ್ ಬಾಗಿಲು ಅರ್ಧ ತೆಗೆದಿತ್ತು, ಒಳಗೆ ಇನ್ನೂರು ಮಕ್ಕಳು ಒಟ್ಟಿಗೆ ಹಾಡ್ತಿದ್ರು, ಇವನು ಬಣ್ಣ ಹಚ್ತಾ ಹಚ್ತಾ ಕಾಲಲ್ಲಿ ಅದೇ ಹಾಡಿಗೆ ತಾಳ ಹಾಕ್ತಿದ್ದ. ಅವರ ಮನೆಯವರ ಕಾರಣ ಅವರಿಗಿರತ್ತೆ, ನಾನು ಅವರನ್ನ ಜಡ್ಜ್ ಮಾಡಲ್ಲ. ಮೇಲ್ ಮಾತ್ರ ಡ್ರಾಫ್ಟಲ್ಲೇ ಉಳೀತು.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸ್ಬಹುದು. ನಮ್ಮವರಿಗೆ ಈ ಸ್ಕೂಲಿನ ಶಿಸ್ತು ಬೇಕು, ಯೂನಿಫಾರ್ಮ್ ಬೇಕು, ರಿಸಲ್ಟ್ ಬೇಕು, ಪ್ರೇಯರ್ ಮಾತ್ರ ಬೇಡ. ನಮ್ಮವರೇ ಅಂತಲ್ಲ, ಇಲ್ಲಿನ ಬಿಳಿಯರಲ್ಲೂ ಚರ್ಚ್ ಕಡೆ ತಲೆ ಹಾಕದೋರು ಅಡ್ಮಿಶನ್ ಹತ್ರ ಬಂದಾಗ ಮಗೂಗೆ ಬ್ಯಾಪ್ಟಿಸಮ್, ಅಂದ್ರೆ ಕ್ರೈಸ್ತ ಧರ್ಮಕ್ಕೆ ಸೇರಿಸೋ ಶಾಸ್ತ್ರ, ಮಾಡಿಸ್ತಾರೆ, ಯಾಕಂದ್ರೆ ಸೀಟಿಗೆ ನೂಕುನುಗ್ಗಲು ಇದ್ರೆ ಬ್ಯಾಪ್ಟಿಸಮ್ ಆದ ಕ್ಯಾಥೋಲಿಕ್ ಮಕ್ಕಳಿಗೆ ಆದ್ಯತೆ. ಪ್ರೈವೇಟ್ ಸ್ಕೂಲ್ ಫೀಸ್ ಉಳಿಸೋಕೆ ಮಂಡಿ ಊರೋರು ಅಂತ ಇಲ್ಲಿ ಒಂದು ಜೋಕೇ ಇದೆ. ಆದ್ರೆ ಈ ಸ್ಕೂಲುಗಳು ಹುಟ್ಟಿದ್ದು ಯಾರಿಗೆ ಅಂತ ನೋಡಿದ್ರೆ ಬೇರೇನೇ ಕಾಣ್ಸತ್ತೆ. 1840ರ ದಶಕದ ಬರಗಾಲಕ್ಕೆ ಐರ್ಲೆಂಡಿಂದ ಹೊಟ್ಟೆಪಾಡಿಗೆ ಬಂದ ಬಡವರ ಮಕ್ಕಳಿಗೆ ಅಂತ 1847ರಲ್ಲಿ ಕ್ಯಾಥೋಲಿಕ್ ಪೂರ್ ಸ್ಕೂಲ್ ಕಮಿಟಿ ಶುರುವಾಯ್ತು, 1852ರಲ್ಲಿ ಬಿಷಪ್‌ಗಳು ಸಭೆ ಸೇರಿ ಚರ್ಚ್‌ಗಿಂತ ಮೊದಲು ಸ್ಕೂಲ್ ಕಟ್ಟಿ ಅಂದ್ರು. ವಲಸೆ ಬಂದೋರು, ಇಲ್ಲಿನವರ ಕಣ್ಣಿಗೆ ಅನುಮಾನದ ಜನ, ಮಕ್ಕಳು ಇಲ್ಲಿ ಕಳೆದುಹೋಗ್ಬಾರ್ದು ಅಂತ ಚಿಲ್ಲರೆ ಕಾಸು ಸೇರಿಸಿ ಕಟ್ಟಿದ ಸ್ಕೂಲುಗಳು. ಮಗು ನಮ್ಮ ಕೈ ತಪ್ಪಿಹೋಗತ್ತೆ ಅಂತ ಇವತ್ತು ನಾವು ಹೆದರ್ತಿರೋ ಜಾಗ ಅದೇ ಹೆದರಿಕೆಯಿಂದ ಹುಟ್ಟಿದ್ದು. ಇದು ಗೊತ್ತಾದ ಮೇಲೆ ನನ್ನ ಕೋಪ ಅರ್ಧ ಇಳೀತು.

ಸಾಸಿವೆ ವಿಷಯಕ್ಕೆ ಬರ್ತೀನಿ. ಮಗಳು ಇಯರ್ ತ್ರೀಲಿದ್ದಾಗ ಅವಳ ಕ್ಲಾಸಿನ ಲಿಟರ್ಜಿಗೆ ನಮ್ಮನ್ನೂ ಕರೆದಿದ್ರು. ಲಿಟರ್ಜಿ ಅಂದ್ರೆ ಇಲ್ಲಿ ಮಕ್ಕಳೇ ಪ್ಲಾನ್ ಮಾಡಿ ನಡೆಸೋದು, ಅದಕ್ಕೊಂದು ಕ್ರಮ ಇದೆ, ಮೊದಲು ಸೇರೋದು, ಆಮೇಲೆ ಬೈಬಲ್‌ನಿಂದ ಒಂದು ಭಾಗ ಕೇಳೋದು, ಅದಕ್ಕೆ ಏನಾದ್ರೂ ಮಾಡಿ ಸ್ಪಂದಿಸೋದು, ಕೊನೆಗೆ ಇವತ್ತು ಹೊರಗೆ ಹೋಗಿ ಏನು ಮಾಡ್ತೀರಿ ಅಂತ ಹೇಳ್ಕೊಳ್ಳೋದು. ಅವತ್ತಿನ ಕಥೆ ಸಾಸಿವೆ ಕಾಳಿಂದು, ಎಲ್ಲಕ್ಕಿಂತ ಸಣ್ಣ ಬೀಜ ದೊಡ್ಡದಾಗಿ ಬೆಳೆದು ಹಕ್ಕಿಗಳು ಬಂದು ಕೂರ್ತವೆ ಅನ್ನೋದು. ಹಿಂದಿನ ದಿನ ಸಂಜೆ ಮಗಳು "ಅಮ್ಮ, ನಮ್ಮನೇಲಿ ಮಸ್ಟರ್ಡ್ ಸೀಡ್ ಇದ್ಯಾ" ಅಂದ್ಲು. ಇದ್ಯಾ ಅಂತೆ! ಮಸಾಲೆ ಡಬ್ಬಿಯಿಂದ ಎರಡು ಚಮಚ ಹಾಕಿ ಕೊಟ್ಟೆ.

ಪುಟಾಣಿ ಕುರ್ಚಿ ಮೇಲೆ ಮೊಣಕಾಲು ಗದ್ದಕ್ಕೆ ತಗಲೋ ಹಾಗೆ ಕೂತು ನೋಡ್ತಿದ್ದೆ. ಕ್ಯಾಂಡಲ್ ಹಚ್ಚೋ ಡ್ಯೂಟಿ ಇದ್ದ ಹುಡುಗನಿಗೆ ಅಡಿಯಲ್ಲಿರೋ ಸ್ವಿಚ್ಚೇ ಸಿಗ್ತಿಲ್ಲ, ಕ್ಯಾಂಡಲ್‌ನ ತಲೆಕೆಳಗೆ ಮಾಡಿ ಉಗುರಲ್ಲಿ ಕೆರೀತಾ ಇದಾನೆ, ಇಪ್ಪತ್ತೆಂಟು ಮಕ್ಕಳು ಒಬ್ಬರೂ ನಗದೆ ಕಾಯ್ತಾ ಕೂತಿದಾರೆ. ಆಮೇಲೆ ಒಬ್ಬೊಬ್ಬರ ಅಂಗೈಗೂ ಒಂದೊಂದು ಕಾಳು, ಅರ್ಧದಷ್ಟು ಕಾರ್ಪೆಟ್ಟಿಗೇ ಹೋಯ್ತು, ಎಲ್ಲಾರೂ ಮಂಡಿಯೂರಿ ಹುಡುಕೋದೇ ಒಂದು ಪ್ರಾರ್ಥನೆ ಥರ ಆಯ್ತು. ನನ್ನ ಮಗಳು ಕೈ ಎತ್ತಿ, ನಮ್ಮಮ್ಮ ಇದನ್ನ ಕಾದ ಎಣ್ಣೆಗೆ ಹಾಕ್ತಾರೆ, ಆಗ ಚಟಪಟ ಅಂತ ಸಿಡಿಯತ್ತೆ, ಅದು ಸಿಡಿಯೋ ತನಕ ಬೇರೆ ಏನೂ ಹಾಕ್ಬಾರ್ದು, ಕಾಯ್ಬೇಕು ಅಂದ್ಲು. ಟೀಚರ್ ಒಂದು ಕ್ಷಣ ಸುಮ್ನಿದ್ದು, ಹಾಗಾದ್ರೆ ಇವತ್ತು ನಾವೂ ಆ ಸದ್ದಿಗೆ ಕಾಯೋಣ ಅಂದ್ರು. ಒಂದು ನಿಮಿಷ ಪೂರ್ತಿ ಯಾರೂ ಮಾತಾಡಲಿಲ್ಲ. ಏಳು ವರ್ಷದ ಮಕ್ಕಳ ರೂಮು ಅದು ಅಂತ ನೆನಪಿಟ್ಕೊಂಡು ಓದಿ. ಯಾವ ದೇವರಿಗೆ ಅಂತ ನನಗೆ ಗೊತ್ತಿಲ್ಲ, ನಾನೂ ಕಣ್ಣು ಮುಚ್ಚಿದ್ದೆ.

ಎಲ್ಲಾ ಹೀಗೇ ಇರತ್ತೆ ಅಂದ್ಕೋಬೇಡಿ. ಅದೇ ವರ್ಷ ಒಂದಿನ ಬದಲಿಗೆ ಬಂದ ಸಪ್ಲೈ ಟೀಚರ್ ಒಬ್ರು, ಎಲ್ಲಾರೂ ಕೈ ಜೋಡಿಸಿ, ಎಲ್ಲಾರೂ ಕಣ್ಣು ಮುಚ್ಚಿ, ಎಲ್ಲಾರೂ ಆಮೆನ್ ಅನ್ನಿ ಅಂದ್ರಂತೆ. ಇವಳು ಅನ್ನಲಿಲ್ಲ. ಇವಳು ಯಾವತ್ತೂ ಅಂತಿರಲಿಲ್ಲ, ನಾವು ಹೇಳಿಕೊಟ್ಟಿದ್ದಲ್ಲ, ಆಮೆನ್ ಅಂದ್ರೆ ಹಾಗೇ ಆಗ್ಲಿ ಅಂತ ಅರ್ಥ ಅಂತ ಯಾರೋ ಹೇಳಿದ್ರಂತೆ, ನನಗೆ ಅದು ಹಾಗೇನಾ ಅಂತ ಗೊತ್ತಿಲ್ವಲ್ಲ ಅಮ್ಮ ಅನ್ನೋದು ಅವಳ ಲೆಕ್ಕ. ಮರ್ಯಾದೆ ಇಲ್ಲ ಅಂತ ಎಲ್ಲರ ಮುಂದೆ ಅನ್ನಿಸ್ಕೊಂಡು ಬಂದು ಕಾರಲ್ಲಿ ಅತ್ತಿದ್ದಳು. ಅವತ್ತು ಆ ಡ್ರಾಫ್ಟ್ ತೆಗೆದು ಸೆಂಡ್ ಒತ್ತೋದಕ್ಕೆ ಇಷ್ಟೇ ಬಾಕಿ. ಒತ್ತೋ ಬದಲು ಮರುದಿನ ಕ್ಲಾಸ್ ಟೀಚರ್ ಹತ್ರ ಹೋದೆ. ಅವರು ಕ್ಷಮೆ ಕೇಳಿದ್ರು, ಅದಕ್ಕಿಂತ ಮುಖ್ಯ, ಅವತ್ತಿಂದ ಅವರ ಮಾತು ಬದಲಾಯ್ತು: ಪ್ರಾರ್ಥನೆ ಮಾಡೋಕೆ ಇಷ್ಟ ಇರೋರು ನನ್ನ ಜೊತೆ ಮಾಡಿ, ಇಲ್ಲದೋರು ಸುಮ್ನೆ ಕೂತು ನಿಮ್ಮ ಮನಸಿನ ಮಾತು ನೀವು ಕೇಳಿಸ್ಕೊಳ್ಳಿ. ಒಂದೇ ಒಂದು ವಾಕ್ಯ. ಮಗೂನ ಹೊರಗೂ ಕಳಿಸಲಿಲ್ಲ, ಬಾಯಿಗೆ ಮಾತೂ ತುರುಕಲಿಲ್ಲ. ನನಗೆ ಬೇಕಾಗಿದ್ದ ಹಕ್ಕು ಆ ವಾಕ್ಯದಲ್ಲಿತ್ತು, ಪಾರ್ಲಿಮೆಂಟ್ ಕೊಟ್ಟ ಹಕ್ಕು ಕೊಡ್ತಿದ್ದಿದ್ದು ಲೈಬ್ರರಿ ಪಕ್ಕದ ಕುರ್ಚಿ.

ಇದು ನನ್ನೊಬ್ಬಳ ಕೊರಗಲ್ಲ. ಉತ್ತರ ಐರ್ಲೆಂಡಲ್ಲಿ ಒಬ್ಬ ಹುಡುಗಿ ಮತ್ತೆ ಅವಳಪ್ಪ ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ರು, ಅದು ಕ್ಯಾಥೋಲಿಕ್ ಸ್ಕೂಲ್ ಅಲ್ಲ, ಅಲ್ಲಿನ ಸರ್ಕಾರಿ ಪ್ರೈಮರಿ ಸ್ಕೂಲು. 2025ರ ನವೆಂಬರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಅವರ ಪರ ಹೇಳಿತು. ಬೇಡ ಅಂದ್ರೆ ಬಿಡಿಸ್ಕೊಳ್ಳಿ ಅನ್ನೋದು ಸಾಲಲ್ಲ, ಹಾಗೆ ಬಿಡಿಸಿದ್ರೆ ಮಗು ಎಲ್ಲರ ಕಣ್ಣಿಗೆ ಬೇರೆಯಾಗಿ ಬೀಳತ್ತೆ ಅನ್ನೋದು ಅದರಲ್ಲಿ ಒಂದು ಮುಖ್ಯ ಮಾತು. ಓದಿದಾಗ ನನಗೆ ಡೈನೋಸಾರ್ ಹುಡುಗನ ಕಾಲೇ ಕಣ್ಮುಂದೆ ಬಂತು.

ಈಗ ಜಾಸ್ತಿ ಜನ ಒಪ್ಪದ ಒಂದು ಮಾತು. ಇಷ್ಟು ವರ್ಷದಲ್ಲಿ ಆ ಸ್ಕೂಲು ನನ್ನ ಮಗಳ ಜೊತೆ ಅತೀ ಪ್ರಾಮಾಣಿಕವಾಗಿ ನಡ್ಕೊಂಡಿದ್ದು ಅವಳಿಗೆ ಇಲ್ಲ ಅಂದ ಜಾಗದಲ್ಲಿ. ಏಳೆಂಟು ವರ್ಷಕ್ಕೆ ಕ್ಯಾಥೋಲಿಕ್ ಮಕ್ಕಳಿಗೆ ಫಸ್ಟ್ ಹೋಲಿ ಕಮ್ಯುನಿಯನ್ ಆಗತ್ತೆ, ಅಂದ್ರೆ ಚರ್ಚಲ್ಲಿ ಫಾದರ್ ಕೊಡೋ ಪವಿತ್ರ ರೊಟ್ಟಿನ ಮೊದಲ ಸಲ ತಗೊಳ್ಳೋದು, ಹುಡುಗೀರಿಗೆ ಬಿಳಿ ಡ್ರೆಸ್ಸು, ತಲೆಗೆ ಬಿಳಿ ಮುಸುಕು, ನನ್ನ ಮಗಳಿಗೆ ಆ ಡ್ರೆಸ್ ಮೇಲೇ ಕಣ್ಣು. ಸ್ಕೂಲ್ ಮಾಸ್‌ನಲ್ಲಿ, ಅಂದ್ರೆ ಫಾದರ್ ನಡೆಸೋ ಪೂಜೇಲಿ, ಎಲ್ಲಾರೂ ಲೈನಲ್ಲಿ ಹೋಗೋವಾಗ ಕಮ್ಯುನಿಯನ್ ಆಗದೋರು ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಕೊಂಡು ಹೋಗ್ಬಹುದು, ಆಗ ಫಾದರ್ ರೊಟ್ಟಿ ಕೊಡಲ್ಲ, ಆಶೀರ್ವಾದ ಮಾಡಿ ಕಳಿಸ್ತಾರೆ. ಬೇಡ ಅನ್ನೋರು ಬೆಂಚಲ್ಲೇ ಕೂರ್ಬಹುದು. ಇವಳು ಕೈ ಕಟ್ಕೊಂಡು ಹೋದ್ಲು, ಮನೆಗೆ ಬಂದು "ನನಗ್ಯಾಕೆ ಕೊಡಲ್ಲ" ಅಂದ್ಲು. ಅತ್ತೆ ಫೋನಲ್ಲಿ "ಪ್ರಸಾದ ಯಾರಿಗಾದ್ರೂ ಇಲ್ಲ ಅಂತಾರೇನೇ" ಅಂತ ಬೇಜಾರು ಮಾಡ್ಕೊಂಡ್ರು, ನಮ್ಮ ಲೆಕ್ಕದಲ್ಲಿ ಅದು ಸರೀನೇ. ನನಗೆ ಮಾತ್ರ ಒಂಥರಾ ನೆಮ್ಮದಿ. ನೀನು ನಮ್ಮ ಅತಿಥಿ, ನಮ್ಮವಳು ಅಂತ ಸುಳ್ಳು ಹೇಳಿ ನಿನಗೆ ಇದನ್ನ ಕೊಡಲ್ಲ ಅಂತ ಅವರು ಹೇಳಿದ ಹಾಗಾಯ್ತು. ಎಲ್ಲಾರೂ ಆಮೆನ್ ಅನ್ನಿ ಅಂದ ಆ ಸಪ್ಲೈ ಟೀಚರ್ ಅವಳನ್ನ ಕೇಳ್ದೇನೇ ಒಳಗೆ ಎಳ್ಕೊಂಡಿದ್ರು, ಈ ಫಾದರ್ ಬಾಗಿಲಲ್ಲಿ ನಿಲ್ಲಿಸಿ ತಲೆ ಮೇಲೆ ಕೈ ಇಟ್ರು. ನನಗೆ ಎರಡನೇದೇ ವಾಸಿ.

ಬೇಜಾರಿನ ಇನ್ನೊಂದು ವಿಷಯ ಇನ್‌ಸ್ಪೆಕ್ಷನ್. ಕ್ಯಾಥೋಲಿಕ್ ಸ್ಕೂಲುಗಳಿಗೆ ಎಲ್ಲಾ ಸ್ಕೂಲಿಗೂ ಬರೋ ಸರ್ಕಾರಿ ತಪಾಸಣೆ ಸಂಸ್ಥೆ ಆಫ್‌ಸ್ಟೆಡ್ ಜೊತೆಗೆ ಚರ್ಚ್ ಕಡೆಯ ಇನ್‌ಸ್ಪೆಕ್ಟರುಗಳೂ ಬರ್ತಾರೆ, ಪ್ರಾರ್ಥನೆಗೂ ಒಂದರಿಂದ ನಾಲ್ಕರವರೆಗೆ ಗ್ರೇಡ್ ಇದೆ. ಪ್ರಾರ್ಥನೆಗೆ ಗ್ರೇಡು! ಅವರು ಬರ್ತಾರೆ ಅಂತ ಗೊತ್ತಾಗಿದ್ದೇ ತಡ, ಮಕ್ಕಳು ತಾವಾಗೇ ಹೇಳ್ಬೇಕಾದ ಪ್ರಾರ್ಥನೆನ ಎರಡೆರಡು ಸಲ ರಿಹರ್ಸಲ್ ಮಾಡ್ಸಿದ್ರು. ನನ್ನ ಮಗಳ ಫ್ರೆಂಡ್ ಒಬ್ಬಳು ಮೊದಲ ಸಲ ಸತ್ತ ತನ್ನ ಹ್ಯಾಮ್‌ಸ್ಟರ್‌ಗೆ ಅಂತ ಪ್ರಾರ್ಥನೆ ಬರೆದಿದ್ಲಂತೆ, ಅದನ್ನ ತೆಗೆದು ಪ್ರಪಂಚದ ಶಾಂತಿಗೆ ಅಂತ ಬರೆಸಿದ್ರಂತೆ. ನಾನು ಕ್ಯಾಥೋಲಿಕ್ ಅಲ್ಲ, ಆದ್ರೂ ಆ ದೇವರಿಗೆ ಹ್ಯಾಮ್‌ಸ್ಟರೇ ಇಷ್ಟ ಆಗ್ತಿತ್ತು ಅಂತ ಬಾಜಿ ಕಟ್ತೀನಿ.

ಫೋನ್ ಮಾಡಿದೋರಿಗೆ ಇಷ್ಟು. ಲೆಟರ್ ಬೇಕಾದ್ರೆ ಖಂಡಿತ ಕಳಿಸ್ತೀನಿ, ಆದ್ರೆ ಅದಕ್ಕೆ ಮುಂಚೆ ಒಂದು ಸಲ ಕ್ಲಾಸ್ ಟೀಚರ್ ಹತ್ರ ಹೋಗಿ, ಪ್ರಾರ್ಥನೆ ಶುರು ಮಾಡೋವಾಗ ನೀವು ಮಕ್ಕಳಿಗೆ ಏನಂತ ಹೇಳ್ತೀರಿ ಅಂತ ಕೇಳಿ. ಎಲ್ಲಾರೂ ಮಾಡಿ ಅಂತಾರಾ, ಇಷ್ಟ ಇದ್ರೆ ಮಾಡಿ ಅಂತಾರಾ. ನಿಮ್ಮಜ್ಜಿಗೆ ಏನು ಹೇಳೋದು ಅಂತ ಮಾತ್ರ ನನ್ನ ಕೇಳ್ಬೇಡಿ, ನಮ್ಮತ್ತೇನೇ ಇನ್ನೂ ಒಪ್ಪಿಲ್ಲ.

ಮಗಳು ಈಗ ಇಯರ್ ಫೋರ್. ಆಡ್ವೆಂಟ್‌ನ ನಾಲ್ಕು ಕ್ಯಾಂಡಲ್‌ನಲ್ಲಿ ಮೂರು ನೇರಳೆ, ಒಂದು ಪಿಂಕ್, ಅದು ಮೂರನೇ ವಾರದ್ದು. ಕ್ಲಾಸಲ್ಲಿ ಪಿಂಕ್ ಕ್ಯಾಂಡಲ್ ಡ್ಯೂಟಿ ಈ ಸಲ ಇವಳದು, ಸ್ವಿಚ್ ಎಲ್ಲಿದೆ ಅಂತ ಮೊದಲೇ ನೋಡ್ಕೊಂಡು ಬಂದಿದಾಳೆ. ಆಮೆನ್ ಅಂತೂ ಇನ್ನೂ ಅಂದಿಲ್ಲ.