ಗೈಡ್ ಮಾತಾಡ್ತಾನೇ ಇದ್ರು, ಕೇಳೋರೇ ಇರ್ಲಿಲ್ಲ

ನಿನ್ನೆ ರಾತ್ರಿ ಐಸ್‌ಲ್ಯಾಂಡಿಂದ ಡಬ್ಲಿನ್‌ಗೆ ವಾಪಸ್ ಬಂದ್ವಿ. ಬ್ಯಾಗ್ ಇನ್ನೂ ಬಿಚ್ಚಿಲ್ಲ. ಫೋಟೋ ಹಾಕೋ ಅಂತ ಬೆಳಗ್ಗೆಯಿಂದ ಮೆಸೇಜ್ ಬರ್ತಿದೆ, ಹಾಕ್ತೀನಿ, ಆದ್ರೆ ಎರಡು ದಿನದಿಂದ ಒಳಗೆ ಕುದೀತಿರೋದನ್ನ ಮೊದ್ಲು ಬರೀಲೇಬೇಕು, ಇಲ್ದಿದ್ರೆ ನಂಗೆ ನಿದ್ದೆ ಬರಲ್ಲ.

ನಾವು ಆರು ಜನ ಸ್ನೇಹಿತರು ಸೇರಿ ಒಂದಿಡೀ ದಿನಕ್ಕೆ ವ್ಯಾನು, ಗೈಡು ಎರಡೂ ಬುಕ್ ಮಾಡಿದ್ವಿ. ಗೋಲ್ಡನ್ ಸರ್ಕಲ್ ಅಂತಾರಲ್ಲ, ಅದು. ರೇಕ್ಯಾವಿಕ್‌ನಿಂದ ಹೊರಟು ಥಿಂಗ್ವೆಟ್ಲಿರ್, ಗೇಸಿರ್, ಗುಲ್‌ಫಾಸ್ ಜಲಪಾತ, ಆಮೇಲೆ ಒಂದು ಬಿಸಿನೀರಿನ ಕೊಳ, ಸಂಜೆಗೆ ವಾಪಸ್. ದೊಡ್ಡ ಬಸ್ಸಲ್ಲಿ ಹೋದ್ರೆ ಎಷ್ಟೋ ಕಮ್ಮಿಗೆ ಆಗ್ತಿತ್ತು. ಪ್ರೈವೇಟೇ ಬೇಕು ಅಂತ ಹಠ ಹಿಡಿದೋನು ನಾನೇ. ಗೊತ್ತಿರೋರು ಒಬ್ಬರು ದಿನವಿಡೀ ನಮ್ಮ ಜೊತೆಗೇ ಇರ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತಾರೆ, ಅದಕ್ಕಿಂತ ಇನ್ನೇನು ಬೇಕು ಅನ್ನೋ ಆಸೆ ನಂದು.

ಬಂದಿದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ವ್ಯಾನ್ ಓಡಿಸೋರೂ ಅವ್ರೇ, ವಿವರಿಸೋರೂ ಅವ್ರೇ. ಹತ್ತಿ ಐದು ನಿಮಿಷ ಆಗಿರ್ಲಿಲ್ಲ, ಹಿಂದಿನ ಸೀಟಿಂದ ನಮ್ಮೋರು ಬ್ಲೂಟೂತ್ ಕೇಳಿದ್ರು, ಹಾಡು ಶುರುವಾಯ್ತು. ಅವ್ರು ಹಾಡಿನ ಮೇಲೆ ದನಿ ಏರಿಸಿ ಸ್ವಲ್ಪ ಹೊತ್ತು ಹೇಳಿದ್ರು, ಆಮೇಲೆ ಕನ್ನಡಿಲಿ ಒಂದ್ಸಲ ಹಿಂದೆ ನೋಡಿ ಸುಮ್ಮನಾದ್ರು. ಆ ಕನ್ನಡಿಲಿ ಕಂಡ ಮುಖ ನಂಗೆ ಚೆನ್ನಾಗಿ ಗೊತ್ತಿರೋ ಮುಖ. ಚಿಕ್ಕೋನಿದ್ದಾಗಿಂದ ನೋಡಿದೀನಿ.

ನಮ್ಮಪ್ಪ ಬೇಲೂರು ದೇವಸ್ಥಾನದಲ್ಲಿ ಮೂವತ್ತೊಂದು ವರ್ಷ ಗೈಡ್ ಆಗಿದ್ರು, ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಹಾಗಾಗಿ ಇದು ನಂಗೆ ಬೇರೆಯೋರಿಗಿಂತ ಜಾಸ್ತಿ ಚುಚ್ಚುತ್ತೆ ಅಂದ್ರೆ ಹೌದು, ಚುಚ್ಚುತ್ತೆ.

ಥಿಂಗ್ವೆಟ್ಲಿರ್‌ನಲ್ಲಿ ಇಳಿದ್ವಿ. ಉತ್ತರ ಅಮೆರಿಕದ ಭೂಫಲಕ ಒಂದು ಕಡೆ, ಯುರೇಷ್ಯಾದ್ದು ಇನ್ನೊಂದು ಕಡೆ, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರೀತಾ ಹೋಗ್ತಿವೆ, ನೆಲ ಸೀಳಿಕೊಂಡಿರೋದು ಕಣ್ಣಿಗೇ ಕಾಣುತ್ತೆ. ಆ ಕಪ್ಪು ಬಂಡೆ ಗೋಡೆ ಪಕ್ಕದಲ್ಲಿ ನಡೀತಾ ಅವ್ರು ಹೇಳಿದ್ದೊಂದು ನನ್ನ ತಲೇಲೇ ಕೂತಿದೆ. 930ರಲ್ಲಿ ಇವ್ರ ಪಾರ್ಲಿಮೆಂಟು, ಆಲ್‌ಥಿಂಗ್, ಇಲ್ಲೇ ಬಯಲಲ್ಲಿ ಶುರುವಾದಾಗ ಕಾನೂನು ಬರವಣಿಗೆಲಿ ಇರ್ಲಿಲ್ವಂತೆ. ಕಾನೂನು ಹೇಳೋದಕ್ಕೇ ಅಂತ ಒಬ್ಬ ಇದ್ದ, ಅವ್ನು ಬಂಡೆ ಮೇಲೆ ನಿಂತು ಬಾಯಿಪಾಠವಾಗಿ ಹೇಳ್ಬೇಕು, ವರ್ಷಕ್ಕೆ ಮೂರ್ನೇ ಒಂದು ಭಾಗದ ಹಾಗೆ ಮೂರು ವರ್ಷಕ್ಕೆ ಪೂರ್ತಿ. ಇಡೀ ದೇಶದ ಕಾನೂನು ಒಬ್ಬನ ನಾಲಿಗೆ ಮೇಲೆ, ಸುತ್ತ ನಿಂತ ಜನದ ಕಿವಿ ಮೇಲೆ. ಅದೇ ಬಂಡೆ ಹತ್ರ ನಿಂತು ಅವ್ರು ಇದನ್ನ ಹೇಳ್ತಿರ್ಬೇಕಾದ್ರೆ ಕೇಳಿಸ್ಕೊಳ್ತಿದ್ದೋನು ನಾನೊಬ್ಬನೇ, ಉಳಿದ ನಾಲ್ಕು ಜನ ಕ್ಯಾಮೆರಾ ಆಂಗಲ್ ಹುಡುಕ್ತಾ ಮುಂದೆ ಹೋಗಿದ್ರು, ಐದನೆಯವ್ನು ಬಂದು "ಎಕ್ಸ್‌ಕ್ಯೂಸ್ ಮಿ, ಒಂದು ಗ್ರೂಪ್ ಫೋಟೋ" ಅಂತ ಅವ್ರ ಕೈಗೆ ಫೋನ್ ಕೊಟ್ಟ. ಅರ್ಧ ವಾಕ್ಯ ಬಾಯಲ್ಲೇ ಉಳೀತು. ಅವ್ರು ಫೋಟೋ ತೆಗೆದ್ರು.

ಫೋಟೋ ತೆಗಿಯೋದು ತಪ್ಪು ಅಂತಿಲ್ಲ ನಾನು. ಆದ್ರೆ ಗೈಡ್ ಅಂದ್ರೆ ಫೋನ್ ಹಿಡಿಯೋರು, ವ್ಯಾನ್ ಓಡಿಸೋರು, ಇಷ್ಟೇನಾ?

ಮುಂದೆ ಗೇಸಿರ್. ಇಂಗ್ಲಿಷಲ್ಲಿ ಗೀಸರ್ ಅಂತೀವಲ್ಲ, ನಮ್ಮ ಬಚ್ಚಲುಮನೆ ಗೋಡೆಲಿ ನೇತಾಡೋದಕ್ಕೂ ಅದೇ ಹೆಸರು, ಆ ಪದ ಹುಟ್ಟಿದ್ದೇ ಈ ಜಾಗದಿಂದ. ಹಳೇ ಗೇಸಿರ್ ಈಗ ಚಿಮ್ಮೋದು ಅಪರೂಪ. ಪಕ್ಕದಲ್ಲಿರೋ ಸ್ಟ್ರೊಕ್ಕುರ್ ಮಾತ್ರ ಐದತ್ತು ನಿಮಿಷಕ್ಕೊಂದ್ಸಲ ಚಿಮ್ಮುತ್ತೆ, ಸಾಮಾನ್ಯವಾಗಿ 15-20 ಮೀಟರ್, ಕೆಲವು ಸಲ ಅದಕ್ಕೂ ಮೇಲೆ. ಸ್ಟ್ರೊಕ್ಕುರ್ ಅಂದ್ರೆ ಬೆಣ್ಣೆ ಕಡೆಯೋ ಪಾತ್ರೆ ಅಂತ ಅರ್ಥ ಅಂದ್ರು. ಅಜ್ಜಿ ಮನೆಯ ಮೊಸರು ಕಡೆಯೋ ಗಡಿಗೆ ನೆನಪಾಗಿ ಮೈ ಜುಂ ಅಂತು.

ಅದು ಹೇಗೆ ಚಿಮ್ಮುತ್ತೆ ಅಂತ ನಾನು ಕೇಳಿದೆ. ಅವ್ರ ಮುಖ ಅರಳಿದ್ದು ನೋಡ್ಬೇಕಿತ್ತು ನೀವು. ಬೆಳಗ್ಗೆಯಿಂದ ಅದು ಮೊದಲನೇ ಪ್ರಶ್ನೆ. ನೆಲದ ಒಳಕ್ಕೆ ಕಿರಿದಾದ ಕೊಳವೆ ಥರ ಇದೆ, ಅದರ ತುಂಬ ನೀರು, ಕೆಳಗಡೆ ಕಾದ ಬಂಡೆ. ತಳದ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯಕ್ಕಾಗಲ್ಲ, ಯಾಕಂದ್ರೆ ಮೇಲಿರೋ ನೀರಿನ ಭಾರ ಅದನ್ನ ಅದುಮಿಟ್ಟಿರುತ್ತೆ. ನಮ್ಮ ಕುಕ್ಕರ್ ಇದ್ದ ಹಾಗೆ, ಒತ್ತಡ ಇರೋ ತನಕ ನೀರು ಕುದಿಯೋಕೆ ಜಾಸ್ತಿ ಕಾವು ಬೇಕು. ಕಾದು ಕಾದು ಕೊನೆಗೆ ಆವಿಯ ಗುಳ್ಳೆಗಳು ಎದ್ದು ಮೇಲಿನ ಸ್ವಲ್ಪ ನೀರನ್ನ ಆಚೆ ನೂಕುತ್ವೆ, ಭಾರ ಕಮ್ಮಿ ಆಯ್ತು, ಅಷ್ಟೇ, ಅದುಮಿಟ್ಟಿದ್ದ ನೀರು ಒಂದೇ ಸಲಕ್ಕೆ ಆವಿಯಾಗಿ ಸಿಡಿಯುತ್ತೆ. ಸಿಡಿಯೋಕೆ ಮುಂಚೆ ಕೊಳದ ನೀರು ಉಬ್ಬಿ ಒಂದು ನೀಲಿ ಗುಮ್ಮಟ ಆಗುತ್ತೆ, ಕಣ್ಣು ಮಿಟುಕಿಸಿದ್ರೆ ತಪ್ಪೋಯ್ತು. "ಚಿಮ್ಮೋದನ್ನ ಎಲ್ರೂ ನೋಡ್ತಾರೆ, ನೀನು ಆ ಗುಮ್ಮಟ ನೋಡು" ಅಂದ್ರು. ನಾಲ್ಕು ಸಲ ನಿಂತು ನೋಡಿದೆ. ಅವ್ರು ಹೇಳ್ದೇ ಇದ್ದಿದ್ರೆ ನಾನೂ ಆಕಾಶ ನೋಡ್ಕೊಂಡು ನಿಂತಿರ್ತಿದ್ದೆ.

ಗಾಳಿ ಬೀಸೋ ಕಡೆ ನಿಲ್ಬೇಡಿ, ನೀರೆಲ್ಲ ಮೈ ಮೇಲೇ ಬರುತ್ತೆ ಅಂತ ವ್ಯಾನಲ್ಲೇ ಎರಡು ಸಲ ಹೇಳಿದ್ರು. ನಮ್ಮೋರು ಸರಿಯಾಗಿ ಅಲ್ಲೇ ಹೋಗಿ ನಿಂತು ನೆನೆದು ಬಂದ್ರು. ಬಂದೋರು ಏನಂದ್ರು ಗೊತ್ತಾ, "ಮೊದ್ಲೇ ಹೇಳ್ಬಾರ್ದಿತ್ತಾ?" ಅವ್ರು ವಾದ ಮಾಡ್ಲಿಲ್ಲ, ವ್ಯಾನಿಂದ ಟವೆಲ್ ತಂದುಕೊಟ್ರು. ಅಷ್ಟಾದ್ಮೇಲೂ ಒಬ್ಬ ದಾರಿ ಪಕ್ಕದ ಸಣ್ಣ ತೊರೆಗೆ ಕೈ ಅದ್ದೋಕೆ ಬಗ್ಗಿದ, ಓಡಿಬಂದು ಭುಜ ಹಿಡಿದು ಎಳೆದೋರೂ ಅವ್ರೇ. ಅಲ್ಲಿನ ನೀರು 80ರಿಂದ 100 ಡಿಗ್ರಿ ಅಂತ ಬೋರ್ಡೇ ಇದೆ, ಆಸ್ಪತ್ರೆ 62 ಕಿಲೋಮೀಟರ್ ದೂರ ಅಂತ ಕೂಡ ಅದರಲ್ಲೇ ಬರ್ದಿದೆ. ಬೋರ್ಡೂ ಓದಲ್ಲ, ಹೇಳಿದ್ದೂ ಕೇಳಲ್ಲ ಅಂದ್ರೆ ಹೇಗೆ?

ಸಂಜೆ ನಾನು ಇದನ್ನ ಎತ್ತಿದಾಗ ಬಂದ ಉತ್ತರ: "ಎಲ್ಲಾ ಗೂಗಲ್‌ನಲ್ಲಿದೆ ಬಿಡೋ. ದುಡ್ಡು ಕೊಟ್ಟಿದೀವಿ, ಕೇಳೋದು ಬಿಡೋದು ನಮ್ಮಿಷ್ಟ. ರಜಕ್ಕೆ ಬಂದಿರೋದು, ಪಾಠ ಕೇಳೋಕಲ್ಲ." ರಜ ಅನ್ನೋದನ್ನ ಒಪ್ತೀನಿ, ವರ್ಷಪೂರ್ತಿ ದುಡಿದು ದಣಿದು ಬಂದಿರ್ತಾರೆ. ಉಳಿದಿದ್ದನ್ನ ಒಪ್ಪಲ್ಲ. ಆ ನೀಲಿ ಗುಮ್ಮಟದ ವಿಷಯ ಗೂಗಲ್‌ನಲ್ಲಿ ಇರಬಹುದು, ಆದ್ರೆ ಅದು ಏಳೋ ಕ್ಷಣಕ್ಕೆ ಸರಿಯಾಗಿ ಪಕ್ಕದಲ್ಲಿ ನಿಂತು "ಈಗ!" ಅಂತ ಹೇಳೋರು ಅಲ್ಲಿರಲ್ಲ. ದುಡ್ಡು ಕೊಟ್ಟಿದ್ದಕ್ಕೆ ಅವ್ರ ದಿನ ನಮ್ಮದಾಯ್ತು, ಸರಿ. ಅವ್ರು ಮಾತಾಡ್ತಿರ್ಬೇಕಾದ್ರೆ ಬೆನ್ನು ತಿರುಗಿಸೋ ಹಕ್ಕೂ ಅದ್ರ ಜೊತೆಗೇ ಬಂತಾ?

ಗುಲ್‌ಫಾಸ್ ಹತ್ರ ನಂಗೆ ನಿಜವಾಗ್ಲೂ ಸಿಟ್ಟು ನೆತ್ತಿಗೇರಿತು. ಹ್ವೀತಾ ನದಿ ಎರಡು ಹಂತದಲ್ಲಿ ಬೀಳುತ್ತೆ, ಮೊದಲು 11 ಮೀಟರ್, ಆಮೇಲೆ ತಿರುಗಿ 21 ಮೀಟರ್, ದೂರದಿಂದ ನೋಡಿದ್ರೆ ನದಿ ಭೂಮಿ ಒಳಗೇ ಇಳಿದುಹೋದ ಹಾಗೆ. ನಮ್ಮೋರಲ್ಲೊಬ್ರು ಒಂದ್ಸಲ ನೋಡಿ, "32 ಮೀಟರೇನಾ? ನಮ್ಮ ಜೋಗ 253 ಮೀಟರ್ ಇದೆ" ಅಂತ ವ್ಯಾನ್ ಕಡೆ ತಿರುಗಿದ್ರು. ಜೋಗ ನನ್ನ ಪ್ರಾಣ, ಯಾರಿಗೂ ಬಿಟ್ಟುಕೊಡಲ್ಲ. ಆದ್ರೆ ಲಿಂಗನಮಕ್ಕಿ ಕಟ್ಟಿದ 1964ರಿಂದ ಈಚೆಗೆ ಶರಾವತಿ ಪೂರ್ತಿ ಮೈದುಂಬಿ ಬೀಳೋದನ್ನ ನೋಡ್ಬೇಕಂದ್ರೆ ಒಳ್ಳೆ ಮಳೆಗಾಲಕ್ಕೆ ಕಾಯ್ಬೇಕು. ಕರೆಂಟ್ ಬೇಕಿತ್ತು, ಕಟ್ಟಿದ್ರು, ಅದನ್ನ ದೂರ್ತಿಲ್ಲ. ವ್ಯಾನ್ ಕಡೆ ತಿರುಗಿದೋರು ಎರಡು ನಿಮಿಷ ನಿಂತಿದ್ರೆ ಇದೇ ನೀರಿನ ಕಥೆ ಕೇಳ್ತಿದ್ರು ಅನ್ನೋದು ನನ್ನ ಸಂಕಟ.

ಈ ಜಲಪಾತದಲ್ಲೂ ಕರೆಂಟ್ ಮಾಡೋಕೆ ಹೊರಟಿದ್ರು. 1907ರಲ್ಲಿ ಇಂಗ್ಲೆಂಡಿನೋನೊಬ್ಬ ಬಂದು ಅದಕ್ಕೆ ಪ್ರಯತ್ನ ಶುರು ಮಾಡಿದ. ಪಕ್ಕದ ಬ್ರಾತ್‌ಹೋಲ್ತ್ ಅನ್ನೋ ಹೊಲಮನೆಯ ಮಗಳು ಸಿಗ್ರಿದುರ್ ತೊಮಾಸ್ದೊತ್ತಿರ್ ಅದನ್ನ ತಡೆಯೋಕೆ ವರ್ಷಗಟ್ಟಲೆ ಹೋರಾಡಿದ್ರು. ಕೋರ್ಟು ಕಚೇರಿ ಅಂತ ರೇಕ್ಯಾವಿಕ್‌ಗೆ ನಡ್ಕೊಂಡೇ ಹೋಗ್ತಿದ್ರಂತೆ, ನೀರು ಕಟ್ಟಿದ್ರೆ ನಾನೇ ಇದಕ್ಕೆ ಹಾರ್ತೀನಿ ಅಂದಿದ್ರಂತೆ. ಅವ್ರಿಗೆ ಸಹಾಯ ಮಾಡಿದ ವಕೀಲ ಸ್ವೇನ್ ಬ್ಯೋರ್ನ್‌ಸನ್ ಆಮೇಲೆ 1944ರಲ್ಲಿ ಐಸ್‌ಲ್ಯಾಂಡಿನ ಮೊದಲ ರಾಷ್ಟ್ರಾಧ್ಯಕ್ಷ ಆದ್ರು. ಕೊನೆಗೆ ಜಲಪಾತ ಗುತ್ತಿಗೆ ಹಿಡಿದೋರು ಬಾಡಿಗೆ ಕಟ್ಟದೇ 1929ರಲ್ಲಿ ಗುತ್ತಿಗೆ ಬಿದ್ದುಹೋಯ್ತು, ನೀರು ಉಳೀತು. ಜಲಪಾತದ ಮೇಲ್ಗಡೆ ಕಲ್ಲಲ್ಲಿ ಕೆತ್ತಿದ ಸಿಗ್ರಿದುರ್ ಮುಖ ಇದೆ.

ಇದನ್ನ ಹೇಳಿ ನಮ್ಮ ಗೈಡ್ ಒಂದು ಕ್ಷಣ ಸುಮ್ಮನಿದ್ರು. ಆಮೇಲೆ ಅಂದ್ರು, ಸಿಗ್ರಿದುರ್ ಮತ್ತು ಅವ್ರ ಅಕ್ಕತಂಗಿಯರು ಇಲ್ಲಿಗೆ ಬಂದೋರಿಗೆ ದಾರಿ ತೋರಿಸ್ತಿದ್ರು, ಕೆಳಗೆ ನೀರಿನ ತನಕ ಮೊದಲ ಕಾಲುದಾರಿ ಮಾಡಿದ್ದೂ ಅವ್ರೇ. ಅಂದ್ರೆ ಅವ್ರೂ ಗೈಡೇ. ನನ್ನ ಗಂಟಲು ಕಟ್ಟಿಬಂತು. ಹಿಂತಿರುಗಿ ನೋಡಿದ್ರೆ ನಮ್ಮೋರು ಯಾರೂ ಇಲ್ಲ, ಕಾಫಿ ಕ್ಯೂನಲ್ಲಿದ್ರು.

ಈಗ ಒಂದು ವಿಷಯ ಹೇಳ್ಬೇಕು, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾನು ಎಂಟನೇ ಕ್ಲಾಸಲ್ಲಿ ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದೆ. ಸ್ಕೂಲ್ ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಇರೋ ಕಡೆ "ಬಿಸಿನೆಸ್" ಅಂತ ಬರ್ದಿದ್ದೆ. ಆ ವರ್ಷ ಸ್ಕೂಲ್ ಟ್ರಿಪ್ ಬೇಲೂರಿಗೇ ಹೋಯ್ತು, ನಮ್ಮ ಬ್ಯಾಚಿಗೆ ಸಿಕ್ಕ ಗೈಡ್ ನಮ್ಮಪ್ಪ. ಅಪ್ಪ ನನ್ನ ನೋಡಿದ್ರು. ನಾನು ತಲೆ ತಗ್ಗಿಸ್ಕೊಂಡು ಹಿಂದಕ್ಕೆ ಸರಿದೆ. ಅವ್ರಿಗೆ ಅರ್ಥ ಆಯ್ತು, ಒಂದು ಮಾತಾಡ್ಲಿಲ್ಲ. ದರ್ಪಣ ಸುಂದರಿ ತೋರಿಸಿದ್ರು, ಹಲಸಿನ ಹಣ್ಣಿನ ಮೇಲಿನ ನೊಣ, ಅದನ್ನ ಹಿಡಿಯೋಕೆ ಹೊಂಚು ಹಾಕಿರೋ ಹಲ್ಲಿ ತೋರಿಸಿದ್ರು, 1117ರಿಂದ ಆ ಹಲ್ಲಿ ಕಾಯ್ತಾನೇ ಇದೆ ಮಕ್ಕಳೇ ಅಂದ್ರು. ಹುಡುಗ್ರು ಓಡಾಡ್ಕೊಂಡು ಕಿರುಚ್ತಿದ್ರು, ಯಾರೂ ಕೇಳ್ತಿರ್ಲಿಲ್ಲ. ನಾನೂ ಕೇಳದೋನ ಥರ ನಿಂತಿದ್ದೆ. ಮಧ್ಯಾಹ್ನ ನಮ್ಮನ್ನೆಲ್ಲ ಊಟಕ್ಕೆ ಕರ್ಕೊಂಡು ಹೋದ್ರು, ಅಪ್ಪ ಗೋಪುರದ ನೆರಳಲ್ಲಿ ಒಬ್ರೇ ನಿಂತಿದ್ರು. ತಿರುಗಿ ನೋಡಿದೆ, ಆದ್ರೂ ನಡ್ಕೊಂಡು ಹೋದೆ.

ಮೊನ್ನೆ ಮಧ್ಯಾಹ್ನ ರೇಕ್‌ಹೋಲ್ತ್ ಅನ್ನೋ ಊರಲ್ಲಿ ಊಟ. ನೆಲದ ಬಿಸಿನೀರಿಂದ ಬೆಚ್ಚಗಿಟ್ಟ ಗಾಜಿನ ಮನೆಲಿ ಚಳಿಗಾಲದಲ್ಲೂ ಟೊಮೇಟೊ ಬೆಳೀತಾರೆ, ಗಿಡಗಳ ಮಧ್ಯೆನೇ ಟೇಬಲ್ ಹಾಕಿ ಬಿಸಿ ಬಿಸಿ ಟೊಮೇಟೊ ಸೂಪು, ಬ್ರೆಡ್ಡು ಕೊಡ್ತಾರೆ. ತುಂಬ ಚೆನ್ನಾಗಿತ್ತು, ಎರಡು ಸಲ ಹಾಕಿಸ್ಕೊಂಡೆ. ವಾಪಸ್ ಬಂದು ನೋಡ್ತೀನಿ, ನಮ್ಮ ಗೈಡ್ ವ್ಯಾನಲ್ಲಿ ಕೂತು ಡಬ್ಬಿಲಿ ತಂದಿದ್ದ ಸ್ಯಾಂಡ್‌ವಿಚ್ ತಿಂತಿದಾರೆ. ಬನ್ನಿ ಅಂತ ಯಾರೂ ಕರ್ದಿರ್ಲಿಲ್ಲ. ನಾನೂ ಕರ್ದಿರ್ಲಿಲ್ಲ. ಬೆಳಗ್ಗೆಯಿಂದ ಬೇರೆಯೋರ ಮೇಲೆ ಕುದೀತಿದ್ದ ನನಗೇ ಅದು ಹೊಳೀಲಿಲ್ಲ. ಸ್ನೇಹಿತರ ಮೇಲಿನ ಸಿಟ್ಟಿಗಿಂತ ಇದೇ ನನ್ನನ್ನ ಹೆಚ್ಚು ಸುಡ್ತಿರೋದು.

ಕೊನೇಗೆ ಫ್ಲುದಿರ್‌ನ ಹಳೇ ಬಿಸಿನೀರ ಕೊಳ, 1891ರದ್ದಂತೆ, 38-40 ಡಿಗ್ರಿ, ಸುತ್ತ ಹಬೆ. ಒಳಗಿಳಿಯೋಕೆ ಮುಂಚೆ ಬಟ್ಟೆ ಪೂರ್ತಿ ತೆಗೆದು ಸೋಪ್ ಹಚ್ಚಿ ಸ್ನಾನ ಮಾಡ್ಲೇಬೇಕು, ನೀರಿಗೆ ಕೆಮಿಕಲ್ ಸುರಿಯದೆ ಶುದ್ಧವಾಗಿಡೋದು ಹಾಗೇ ಅಂತ ಅವ್ರು ಮುಜುಗರ ಆಗದ ಹಾಗೆ ವಿವರಿಸಿದ್ರು. ಇಬ್ರು ಮಾಡದೇ ಇಳಿದ್ರು. ಬಿಡಿ, ಎಷ್ಟು ಅಂತ ಹೇಳೋದು.

ರಾತ್ರಿ ರೂಮಿಂದ ಅಪ್ಪಂಗೆ ಫೋನ್ ಮಾಡಿದೆ. ಈಗ ಮಂಡಿನೋವು, ದೇವಸ್ಥಾನಕ್ಕೆ ಹೋಗೋದೇ ಕಮ್ಮಿ. ಬಂಡೆ ಮೇಲೆ ನಿಂತು ಕಾನೂನು ಹೇಳ್ತಿದ್ದೋನ ಕಥೆ, ಸಿಗ್ರಿದುರ್ ಕಥೆ, ನೀಲಿ ಗುಮ್ಮಟ ಎಲ್ಲ ಹೇಳಿದೆ. ಒಂದ್ಸಲಾನೂ ಮಧ್ಯೆ ಬಾಯಿ ಹಾಕ್ಲಿಲ್ಲ. ಮುಗಿದ್ಮೇಲೆ ಮೊದ್ಲು ಕೇಳಿದ್ದು "ಆ ಯಮ್ಮ ಊಟ ಮಾಡಿದ್ರೇನಪ್ಪ?" ಅಂತ. ನಡೆದಿದ್ದು ನಡೆದ ಹಾಗೇ ಹೇಳ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ನೀಲಿ ಗುಳ್ಳೆ ಏಳೋಕೆ ಮುಂಚೆ ನೆಲದೊಳಗೆ ಸದ್ದು ಕೇಳುತ್ತಾ?" ಅಂದ್ರು.

ನಮ್ಮೋರ ಗಲಾಟೆಲಿ ನಂಗೆ ಗೊತ್ತಾಗ್ಲಿಲ್ಲ ಅಪ್ಪ ಅಂದೆ.

ಇವತ್ತು ಬೆಳಗ್ಗೆ ನಮ್ಮ ಗೈಡ್‌ಗೆ ಮೇಲ್ ಹಾಕಿದೀನಿ. ಊಟಕ್ಕೆ ಕರೀದೇ ಹೋಗಿದ್ದಕ್ಕೆ ಕ್ಷಮೆ ಕೇಳಿದೀನಿ. ಕೆಳಗೆ ಅಪ್ಪನ ಪ್ರಶ್ನೆ ಬರ್ದಿದೀನಿ, ಇದನ್ನ ಕೇಳ್ತಿರೋರು ನಮ್ಮ ತಂದೆ, ಬೇಲೂರಲ್ಲಿ ಗೈಡ್ ಆಗಿದ್ರು ಅಂತ.